ಗಿರ್ಮಿಟ್ ತಿನ್ನಿಸಿ ಮಾಡಿಸಿದ ಶೆಲ್ಫ್

ಅಮೆರಿಕದ ಇಸ್ಸಾಕ್ವಾ ಊರಿನ ನಮ್ಮ ಮನೆ ಹಿಂದೆ ಒಂದು ರೂಮು ಕಟ್ಟಿಸ್ತಿದ್ವಿ. ಕಾಂಟ್ರ್ಯಾಕ್ಟರ್ ಡಯಾನ್ ಮೊದಲೇ ಹೇಳಿದ್ದಳು: "ಎಕ್ಸ್‌ಟ್ರಾ ಕೆಲಸ ಏನಿದ್ರೂ ನನಗೆ ಹೇಳಿ, ಕೆಲಸದವರಿಗಲ್ಲ. ರೇಟಿಗೆ ನೀವು ಒಪ್ಪಿದ ಮೇಲೇ ಮಾಡಿಸ್ತೀನಿ." ನಾನು ತಲೆಯಾಡಿಸಿದ್ದೆ.

ನಾವು ಹುಬ್ಬಳ್ಳಿಯವರು, ಮನೆಗೆ ಬಂದ ಕೆಲಸದವರಿಗೆ ಏನಾದ್ರೂ ತಿನ್ನೋಕೆ ಕೊಡದೆ ಇರೋದು ಗೊತ್ತಿಲ್ಲ. ಬಡಗಿ ಟಾಮ್‌ಗೆ ನನ್ನ ಹೆಂಡತಿ ದಿನಾ ಚಹಾ, ಮಂಡಕ್ಕಿ ಗಿರ್ಮಿಟ್ ಕೊಡ್ತಿದ್ದಳು. ಅವನು ಖಾರಕ್ಕೆ ಕಣ್ಣೊರೆಸಿಕೊಂಡೇ ಬಟ್ಟಲು ಖಾಲಿ ಮಾಡ್ತಿದ್ದ. ಒಂದಿನ ಅವನು ತಿಂತಿರುವಾಗ ಮೆಲ್ಲಗೆ, "ಹಂಗೇ ಇಲ್ಲೊಂದು ದೇವರ ಶೆಲ್ಫ್ ಮಾಡಿಬಿಡು" ಅಂದೆ. ಮಾಡಿಕೊಟ್ಟ.

ಆಮೇಲೆ ಡಯಾನ್ ಆ ಶೆಲ್ಫಿಗೂ ಬಿಲ್ ತಂದಳು. ನನಗೆ ಪಿತ್ತ ನೆತ್ತಿಗೇರಿತು. "ದಿನಾ ಅವನಿಗೆ ತಿನ್ನಿಸಿದೀವಿ. ಇಷ್ಟು ಸಣ್ಣ ಕೆಲಸಕ್ಕೂ ದುಡ್ಡಾ?" ಅಂದುಬಿಟ್ಟೆ.

ಅವಳು ನನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಟಾಮ್ ಬಟ್ಟಲು ಹಿಡಿದು ನಿಂತಿದ್ದ.

"ಇದು ಕೂಲಿ ಅಂತ ನನಗೆ ಗೊತ್ತಿರಲಿಲ್ಲ," ಅಂದ. ಅರ್ಧ ತಿಂದಿದ್ದ ಬಟ್ಟಲನ್ನ ಗರಗಸದ ಪಕ್ಕ ಇಟ್ಟ. ನನಗೆ ಮುಖ ಎಲ್ಲಿಡಬೇಕೋ ತಿಳೀಲಿಲ್ಲ. ಸಾರಿ ಅಂದೆ, ಬಿಲ್ಲೂ ಕಟ್ಟಿದೆ.

ಒಳಗೆ ಮೀಟಿಂಗಿನಲ್ಲಿದ್ದ ಹೆಂಡತಿಗೆ ಇದ್ಯಾವುದೂ ಕೇಳಿರಲಿಲ್ಲ. ಮರುದಿನ ಅವಳು ಗಿರ್ಮಿಟ್ ತಂದರೆ ಟಾಮ್ ತಾನು ತಂದಿದ್ದ ಡಬ್ಬಿ ತೋರಿಸಿ ನಕ್ಕ.

"ಯಾಕ್ರೀ, ಖಾರ ಭಾಳ ಆಗಿತ್ತೇನು?" ಅಂತ ನನ್ನ ಕೇಳಿದಳು.

"ಹೂಂ," ಅಂದೆ.

ಅವತ್ತಿಂದ ನಮ್ಮನೇಲಿ ಗಿರ್ಮಿಟ್ಟಿಗೆ ಮೆಣಸಿನಕಾಯಿ ಹಾಕಲ್ಲ. ಸಪ್ಪಗಿದೆ ಅನ್ನೋ ಧೈರ್ಯ ನನಗಿಲ್ಲ.