‘ಪ್ರಿಯ ಹೆಮ್ಮಾಡಿ’ಗೆ ಬಂದ ಇಮೇಲ್

“ಇದು ಮೋಸದ ಇಮೇಲೇ ಶಂಕರಣ್ಣ, ಅಳಿಸಿಬಿಡ್ತೀನಿ” ಎಂದು ಅವರ ಫೋನಿನ ಮೇಲೆ ಬೆರಳಿಟ್ಟಾಗಿತ್ತು. ಲಂಡನ್ನಿನ ಕಿಂಗ್ಸ್‌ಬರಿಯ ಹೋಟೆಲಿನಲ್ಲಿ ದೋಸೆ ಹುಯ್ಯುವ ಶಂಕರಣ್ಣ ಸಂಶಯ ಬಂದ ಇಮೇಲನ್ನೆಲ್ಲ ನನಗೇ ತೋರಿಸುವುದು. ಆಫೀಸಿನಲ್ಲೂ ನನ್ನ ಕೆಲಸ ಅದೇ. ನನ್ನ ಕಣ್ಣು ತಪ್ಪಿಸುವ ಮೋಸ ಕಡಿಮೆ. ಇನ್‌ಬಾಕ್ಸಿನಲ್ಲಿ ಕಾಣುತ್ತಿದ್ದುದು ಒಂದೇ ಸಾಲು: “ಇದಕ್ಕೆ ಉತ್ತರಿಸಬೇಡಿ. ಪ್ರಿಯ ಹೆಮ್ಮಾಡಿ, ಇಂದೇ ಈ ಲಿಂಕ್ ಒತ್ತಿ...” ಅವಸರ ಬೇರೆ, ಮೇಲಾಗಿ ಯಾರದೋ ಹೆಸರು!

ಶಂಕರಣ್ಣ ನನ್ನ ಕೈ ಹಿಡಿದರು. “ಹ್ವಾಯ್, ತಡೀನಿ ಮಾರಾಯ್ರೆ! ಹೆಮ್ಮಾಡಿ ಅಂದ್ರೆ ನಾನೇ ಅಲ್ದಾ. ಪಾಸ್‌ಪೋರ್ಟಲ್ ನನ್ ಹೆಸ್ರಿಗಿಂತ ನಮ್ಮೂರ್ ಹೆಸ್ರೇ ಮೊದ್ಲ್ ಇತ್ತ್.”

ಲಿಂಕ್ ಮುಟ್ಟದೆ ಇಮೇಲ್ ತೆರೆದೆ. ಇನ್‌ಬಾಕ್ಸ್ ತೋರಿಸಿದ್ದು ಮೊದಲ ಸಾಲನ್ನಷ್ಟೇ. ಅವರು ಏಳು ತಿಂಗಳಿಂದ ಕಾಯುತ್ತಿದ್ದ ಕಣ್ಣಿನ ಆಪರೇಷನ್ನಿನ ದಿನ ಕೆಳಗಿತ್ತು. ಅಂದೇ ಒಪ್ಪಿಗೆ ಕೊಡದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತಿತ್ತು. ಆಸ್ಪತ್ರೆಯ ಹಳೆಯ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಇಮೇಲ್ ಅವರದೇ.

ಮೋಸದ ಇಮೇಲ್‌ಗಳನ್ನು ಇವತ್ತಿಗೂ ನಾನೇ ಗುರುತಿಸಿಕೊಡುತ್ತೇನೆ, ಅದೇ ಗತ್ತಿನಲ್ಲಿ. ಆದರೆ ಅಳಿಸುವ ಮುಂಚೆ ಈಗ ಒಂದು ಮಾತು ಕೇಳುತ್ತೇನೆ: “ನಿಮ್ಮೂರು ಯಾವುದು?”