ಕೊನೆಯ ಅಧ್ಯಾಯಕ್ಕೆ ಮುಂಚಿನ ಕಾಫಿ

ಹೋದ ಶನಿವಾರ ನ್ಯೂಯಾರ್ಕಿನ ಹತ್ತಿರದ ನಮ್ಮೂರು ಮೆಟುಚೆನ್ನಿನ ಲೈಬ್ರರಿಯಲ್ಲಿ ಹಳೆ ಪುಸ್ತಕಗಳ ಸೇಲ್ ಇತ್ತು. ಸ್ಕಾಟ್ಲೆಂಡಿನ ಪತ್ತೇದಾರಿ ಸರಣಿಯ ಒಂದು ಕಾದಂಬರಿ ತೆರೆದೆ, ಗಮ್ಮೆಂದು ಹಿಂಗಿನ ವಾಸನೆ ಬಂತು. ಸ್ಕಾಟ್ಲೆಂಡಿನ ಕೊಲೆಗಳಿಗೆ ಹಿಂಗಿನ ವಾಸನೆ ಹತ್ತಿಸಿದ ಮನೆ ಈ ಊರಿನಲ್ಲಿ ಒಂದೇ ಇದ್ದದ್ದು... ನಮ್ಮ ಪಕ್ಕದ ಮನೆಯ ಆಂಟಿಯದು. ಆ ಸರಣಿಯ ಪುಸ್ತಕಗಳನ್ನೆಲ್ಲ ಅವರು ಅಡುಗೆಮನೆಯಲ್ಲೇ, ಸಾರಿನ ಪುಡಿಯ ಡಬ್ಬಿಗಳ ಪಕ್ಕ ಇಡುತ್ತಿದ್ದರು.

ಆಂಟಿ ಮೈಸೂರಿನವರು. ನ್ಯೂಯಾರ್ಕಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ಕಾಲದಲ್ಲಿ ಯಾರೋ ಸೀಟಿನ ಮೇಲೆ ಬಿಟ್ಟುಹೋಗಿದ್ದ ಪುಸ್ತಕವೊಂದನ್ನು ಮನೆಗೆ ತಂದಿದ್ದರಂತೆ. ಅಲ್ಲಿಂದ ಹಿಡಿದ ಹುಚ್ಚು ಹತ್ತಿರದ ಊರು ಕ್ರ್ಯಾನ್‌ಬರಿಯ ಔಷಧ ಕಂಪನಿಯಲ್ಲಿದ್ದ ಅಂಕಲ್‌ಗೂ ಅಂಟಿತು. ಸರಣಿ ಮುಗಿಯುವಂಥದ್ದಲ್ಲ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಬರುತ್ತಲೇ ಇತ್ತು. ಕಥೆಯ ಇನ್ಸ್‌ಪೆಕ್ಟರ್ ಯಾವುದೋ ಮೀನುಗಾರರ ಊರಿನವನು, ಹೆಂಡತಿ ತೀರಿಕೊಂಡವನು. ಆಂಟಿಗೆ ಕೊಲೆಗಿಂತ ಅವನ ಊಟದ್ದೇ ಚಿಂತೆ. ಮೂರು ಹೊತ್ತೂ ತಣ್ಣನೆ ಬ್ರೆಡ್ ತಿಂತಾನೆ, ಒಂದು ತುತ್ತು ಬಿಸಿ ಅನ್ನ ಹಾಕೋರಿಲ್ಲ ಎಂದು ನನ್ನ ಹತ್ತಿರ ಕೊರಗುತ್ತಿದ್ದರು. ರೂಟ್ ಒನ್ ಹೆದ್ದಾರಿಯಲ್ಲಿ ಕಾರು ಓಡಿಸಲು ಹೆದರುವ ಹೆಂಗಸಿಗೆ ಕಥೆಯ ಆ ಊರಿನ ಗಲ್ಲಿಗಲ್ಲಿಯೂ ಗೊತ್ತಿತ್ತು.

ಅವರ ಮನೆಯಲ್ಲೊಂದು ಕಟ್ಟಳೆ. ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಬೇಕು. ಕಾಫಿ ಬೆರೆಸಬೇಕು. ಕೊಲೆಗಾರ ಯಾರೆಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಆಮೇಲೇ ಓದು. ಎಷ್ಟೋ ಸಲ ಆ ಕಾಫಿಗೆ ನನ್ನನ್ನೂ ಕರೆಯುತ್ತಿದ್ದರು. ಆಂಟಿಯ ಊಹೆ ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು. ಅಂಕಲ್ ಮಾತ್ರ ಪ್ರತಿ ಸಲವೂ ಯಾವುದೋ ಪಾಪದವನನ್ನು ಹಿಡಿದು ಗಲ್ಲಿಗೇರಿಸುತ್ತಿದ್ದರು. ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು, ಅಂಕಲ್ ಪೆಚ್ಚಾಗಿ ಕಾಫಿ ಹೀರುತ್ತಿದ್ದರು. ಆ ನಗು ಕೇಳುವುದಕ್ಕೇ ಬೇಕೆಂದು ತಪ್ಪು ಹೇಳುತ್ತಾರೇನೋ ಎಂದು ನನಗೆ ಅನುಮಾನ.

ಅಂಕಲ್‌ಗೆ ಕ್ಯಾನ್ಸರ್ ಎಂದು ಗೊತ್ತಾದ ವರ್ಷವೇ ಹೊಸ ಪುಸ್ತಕ ಬಂತು. ಕೀಮೋದಿಂದ ಅವರ ಕಣ್ಣು ಸೋತಿತ್ತು, ಇಂಗ್ಲಿಷು ತಲೆಗೆ ಹತ್ತುತ್ತಿರಲಿಲ್ಲ. ಆಂಟಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಒಂದೊಂದೇ ಪುಟ ಕನ್ನಡಕ್ಕೆ ತಿರುಗಿಸಿ ಹೇಳಿದರು. ಸ್ಕಾಟ್ಲೆಂಡಿನ ಪೊಲೀಸರೆಲ್ಲ ಮೈಸೂರು ಕನ್ನಡದಲ್ಲಿ ಮಾತಾಡಿದರು. ಇದೊಂದು ಮುಗಿಸಿಬಿಡಲಿ, ಅಷ್ಟು ಸಾಕು ಎಂದು ಆಂಟಿ ನನ್ನ ಹತ್ತಿರ ಹೇಳಿದ್ದರು. ಕೊನೆಯ ಅಧ್ಯಾಯವೊಂದು ಉಳಿದಾಗ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಅಂಕಲ್ ಕುಡಿಯುವ ಹಾಗಿರಲಿಲ್ಲ, ಲೋಟ ಹಿಡಿದುಕೊಂಡರಷ್ಟೆ. ಇನ್ಸ್‌ಪೆಕ್ಟರನ ಹಳೇ ಸ್ನೇಹಿತನೇ ಕೊಲೆಗಾರ ಎಂದರು. ಮೊದಲ ಪುಸ್ತಕದಿಂದ ಜೊತೆಗಿದ್ದವನು ಅವನು. ಆಂಟಿ ಎಂದಿನಂತೆ ನಕ್ಕರು.

ಉಳಿದದ್ದು ನಾಳೆಗೆ ಎಂದುಕೊಂಡರು. ಬೆಳಗಾಗುವುದರೊಳಗೆ ಅಂಕಲ್ ಹೋಗಿಬಿಟ್ಟರು...

ವೈಕುಂಠ ಸಮಾರಾಧನೆ ಮುಗಿದ ಮೇಲೆ ಆಂಟಿ ಒಂದು ದಿನ ಆ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನನ್ನ ಕೈಲಿ ಓದಕ್ಕಾಗಲ್ಲಮ್ಮ. ನೀನು ಓದು. ಅವರು ಹೇಳಿದ್ದು ಸರೀನಾ ತಪ್ಪಾ, ಅಷ್ಟು ಹೇಳು. ಬೇರೇನೂ ಬೇಡ."

ಅವರು ಎದುರಿಗೆ ಕೂತಿದ್ದಂತೆಯೇ ಓದಿದೆ. ಅರ್ಧದಲ್ಲೇ ಕೊಲೆಗಾರ ಯಾರೆಂದು ಗೊತ್ತಾಗಿಹೋಯಿತು. ತಪ್ಪು ಎಂದುಬಿಡಲೇ ಅನ್ನಿಸಿತು. ಆದರೆ ಇಷ್ಟು ವರ್ಷ ಕೊಲೆಗಾರರ ಮುಖ ಓದಿದ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿ ಆಂಟಿ. ಆ ಸ್ನೇಹಿತನೇ."

ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು.

"ತಪ್ಪಿರತ್ತೆ ಅಂದ್ಕೊಂಡಿದ್ದೆ," ಎಂದರು ಆಮೇಲೆ. "ಎಷ್ಟು ಓದಿದ್ರೂ ನಿಮಗೆ ಬುದ್ಧಿ ಬರಲ್ಲ ಅಂದೆ ಕಣೆ. ಹೌದೇನೋ ಬಿಡು ಅಂದ್ರು. ಒಂದೇ ಒಂದ್ಸಲ ಗೆದ್ರು, ಅದೂ ಅವರಿಗೆ ಗೊತ್ತಾಗ್ಲಿಲ್ಲ."

ಆಮೇಲೆ ಅತ್ತರು. ಅಂಕಲ್ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನಾನೂ ಅತ್ತೆ. 

ಅದಾದ ಮೇಲೆ ಆಂಟಿ ಆ ಸರಣಿಯನ್ನು ಮುಟ್ಟಲಿಲ್ಲ. ಪುಸ್ತಕಗಳನ್ನೆಲ್ಲ ಲೈಬ್ರರಿಗೆ ಕೊಟ್ಟರು. ಹೊಸದು ಬಂದಿದೆ ಎಂದು ನಾನು ಹೇಳಿದಾಗ, ಯಾರ ಜೊತೆ ಜಗಳ ಆಡಲಿ ಎಂದರು. ಕಳೆದ ಚಳಿಗಾಲದಲ್ಲಿ ಅವರೂ ಹೋದರು. ಆ ಮನೆಗೆ ಈಗ ಯಾರೋ ಹೊಸಬರು ಬಂದಿದ್ದಾರೆ, ಒಳ್ಳೆಯ ಜನ, ಕಂಡಾಗ ಕೈ ಬೀಸುತ್ತಾರೆ.

ಈ ವರ್ಷವೂ ಒಂದು ಪುಸ್ತಕ ಬಂದಿದೆ. ನಿನ್ನೆ ಕೊನೆಯ ಅಧ್ಯಾಯಕ್ಕೆ ಬಂದೆ, ಮುಚ್ಚಿಟ್ಟು ಕಾಫಿ ಬೆರೆಸಿಕೊಂಡೆ. ಕೊಲೆಗಾರನ ಹೆಸರು ಬಾಯಿಬಿಟ್ಟು ಹೇಳಿದೆ. ನನ್ನ ಊಹೆ ತಪ್ಪೇ ಇರಬೇಕು. ನಗುವವರು ಯಾರೂ ಇರಲಿಲ್ಲ.