ದೋಣಿಗಳಿಗೆ ಬಿಸಿನೀರು ಹಾಕುವ ಆಲ್ಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲ್ಡನ್ ಸರೋವರದ ಇಳಿಜಾರಿನಲ್ಲಿ ಆಲ್ಮಾ ಎಗ್ಗಿಮನ್ ಮಂಡಿಯೂರಿ, ಟ್ರೇಲರ್ ಮೇಲಿರುವ ದೋಣಿಯ ಅಡಿಗೆ ತಲೆ ತೂರಿಸಿದ್ದಾರೆ. ಕೈಯಲ್ಲಿ ಕುದಿನೀರು ಉಗುಳುವ ಕೊಳವೆ. ಹಬೆಯಲ್ಲಿ ಮುಖ ಕಾಣುವುದಿಲ್ಲ, ಕೆಮ್ಮು ಮಾತ್ರ ಕೇಳುತ್ತದೆ. ಲಂಗರಿನ ಪೆಟ್ಟಿಗೆ, ಹಗ್ಗದ ಸುರುಳಿ, ಚುಕ್ಕಾಣಿಯ ಸಂದು, ಒದ್ದೆ ಕೂರಬಹುದಾದ ಯಾವ ಮೂಲೆಯನ್ನೂ ಅವರು ಬಿಡುವುದಿಲ್ಲ.

ಅವರು ಹುಡುಕುತ್ತಿರುವುದು ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಒಂದು ಸಿಗಡಿಯನ್ನು. ಮೈಮೇಲೆ ಪಟ್ಟೆ, ಬಾಲದ ಮೇಲೆ ಎರಡು ಗುಬುಟು. ಕಪ್ಪು ಸಮುದ್ರದ ಕಡೆಯ ಪ್ರಾಣಿ ಅದು. ಕಾಲುವೆ ತೋಡಿ ಎರಡು ನದಿಗಳನ್ನು ಜೋಡಿಸಿದರು ನೋಡಿ, ಸರಕು ಹಡಗುಗಳ ತಳಕ್ಕೆ ಕಚ್ಚಿಕೊಂಡು ರೈನ್ ನದಿಗೆ ಬಂತು. ಹಸಿವಿಲ್ಲದಿದ್ದರೂ ಕೊಲ್ಲುತ್ತದೆ. ಕೊಂದದ್ದನ್ನು ತಿನ್ನದೆ ಬಿಟ್ಟು ಮುಂದೆ ಹೋಗುತ್ತದೆ. ನಮ್ಮ ಸರೋವರಕ್ಕೆ ಇನ್ನೂ ಬಂದಿಲ್ಲ. ಬಂದಿಲ್ಲ ಎಂದೇ ನಾವೆಲ್ಲ ನಂಬಿದ್ದೇವೆ.

ಆಲ್ಮಾ ಇಪ್ಪತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆದವರು. ಮೊಣಕೈವರೆಗೂ ಹಬೆ ಸುಟ್ಟ ಕಲೆಗಳು. ಗಂಡನ ಜೊತೆ ರೈನ್ ದಡದಲ್ಲಿದ್ದಾಗ ಅವರು ಈ ಪ್ರಾಣಿಯನ್ನು ಕಂಡಿದ್ದಾರೆ. ನೀರಿನ ಕಲ್ಲು ಮಗುಚಿದರೆ ಅಡಿಯಲ್ಲಿ ಅದೇ ಗಿಜಿಗುಡುತ್ತಿತ್ತಂತೆ, ಬೇರೆ ಒಂದು ಹುಳವೂ ಇರಲಿಲ್ಲವಂತೆ. ಗಂಡ ತೀರಿಕೊಂಡ ಮೇಲೆ ಇಲ್ಲಿ ತಮ್ಮನಾದ ಕಾಸ್ಪರನ ಮನೆಗೆ ಬಂದರು. ಕಾಸ್ಪರ್ ಈ ಸರೋವರದಲ್ಲಿ ಬಲೆ ಬೀಸುವವನು. ಮೀನಿನ ಮೊಟ್ಟೆಗಳನ್ನೂ ಬಿಡದ ಆ ಪ್ರಾಣಿ ಇಲ್ಲಿ ಇಳಿದರೆ ಮೊದಲು ಬರಿದಾಗುವುದು ಅವನ ಬಲೆಯೇ.

“ಹೊಟ್ಟೇಲಿ ಮೊಟ್ಟೆ ಇಟ್ಕೊಂಡಿರೋದು ಒಂದೇ ಒಂದು ಬಂದ್ರೆ ಸಾಕು ಕಣಪ್ಪ, ನಾನು ಇಷ್ಟು ದಿನ ತೊಳೆದಿದ್ದೆಲ್ಲ ದಂಡ” ಎನ್ನುತ್ತಾರೆ ಆಲ್ಮಾ.

ನಮ್ಮೂರ ದೋಣಿ ಸಂಘಕ್ಕೆ ಬಾವುಟಕ್ಕೊಂದು ಕಂಬ ನಿಲ್ಲಿಸುವುದು ಗೊತ್ತು, ಈ ಹೆಂಗಸಿನ ತಲೆಯ ಮೇಲೊಂದು ಸೂರು ಹಾಕುವುದು ಗೊತ್ತಿಲ್ಲ. ಮಳೆಯಾಗಲಿ, ಹಿಮವಾಗಲಿ ಬಯಲಲ್ಲೇ ಕೆಲಸ. ಶನಿವಾರ ಬಂತೆಂದರೆ ಬೇರೆ ನೀರಿನಿಂದ ಬಂದ ಹತ್ತಾರು ದೋಣಿ. ಸಾಲಿನಲ್ಲಿ ನಿಂತವರು ಗಡಿಯಾರ ನೋಡಿಕೊಂಡು ಗೊಣಗುತ್ತಾರೆ. ಕಾರಿನಿಂದ ಇಳಿಯುತ್ತಲೇ ಒಬ್ಬ ಕಿಚಾಯಿಸಿದ, “ಏನಕ್ಕ, ನನ್ನ ದೋಣಿಗೂ ಬಾಣಂತಿ ನೀರಾ?” ಆಲ್ಮಾ ತಲೆ ಎತ್ತದೆ ಹೇಳಿದರು, “ನಿಂಗೂ ಹಾಕ್ತೀನಿ, ಶರ್ಟು ಬಿಚ್ಚು.”

ಈ ಬೆಳಗಿನ ದೋಣಿ ಬೇಕರಿಯ ಊರ್ಬನ್ ಲೂಷರ್‌ನದು. ಬಾಸೆಲ್‌ನಲ್ಲಿದ್ದ ಅವನ ಅಪ್ಪ ಚಳಿಗಾಲದಲ್ಲಿ ತೀರಿಕೊಂಡರು. ಅವರ ದೋಣಿ ನಿನ್ನೆ ಸಂಜೆ ರೈನ್‌ನಿಂದ ನೇರವಾಗಿ ಇಲ್ಲಿಗೆ ಬಂದಿದೆ. ಒದ್ದೆಯಾದದ್ದು ಬೇರೇನಾದರೂ ಇದೆಯೇ ಎಂದು ಆಲ್ಮಾ ಎರಡು ಸಲ ಕೇಳಿದರು. ಊರ್ಬನ್ ಇಲ್ಲವೆಂದ. ಸುಳ್ಳು ಹೇಳುವ ಜಾತಿಯವನಲ್ಲ.

ಒಂಬತ್ತರ ಹೊತ್ತಿಗೆ ಸಂಘದವರೆಲ್ಲ ದಡದಲ್ಲಿ ಸೇರಿದ್ದಾರೆ. ಸಾಸೇಜು ಬೇಯುತ್ತಿದೆ. ದೋಣಿಯ ಮೂತಿ ನೀರಿಗೆ ತಾಕಿದಾಗ ಊರ್ಬನ್‌ನ ಹೆಂಡತಿ ಬುಟ್ಟಿಯ ಬಟ್ಟೆ ಸರಿಸಿ ಮಣ್ಣಿನ ಹೂಜಿಯೊಂದನ್ನು ಎತ್ತಿಕೊಂಡಳು.

ಹಳೆ ನೀರು. ನಮ್ಮಲ್ಲಿ ಹೊರಗಿನಿಂದ ಬಂದ ದೋಣಿಯನ್ನು ಬರಿಗೈಯಲ್ಲಿ ಇಳಿಸುವುದಿಲ್ಲ. ಅದು ತೇಲುತ್ತಿದ್ದ ಜಾಗದಿಂದ ಒಂದು ಹೂಜಿ ನೀರು, ಜೊತೆಗೊಂದು ಎಳೆ ಪಾಚಿ ತಂದು ಮೂತಿಯ ಮೇಲಿಂದ ಸುರಿಯುತ್ತೇವೆ. ದೋಣಿಗೆ ಹೊಸ ಊರು ಹೊಂದಲಿ ಎಂದು. ಅದನ್ನು ಯಾರೂ ಹೊರಗಿನ ನೀರೆಂದು ಎಣಿಸುವುದೇ ಇಲ್ಲ. ಇಷ್ಟು ದಿನ ಆಲ್ಮಾ ಕೂಡ ಎಣಿಸಿರಲಿಲ್ಲ. ಕಾಸ್ಪರನ ದೋಣಿಗೆ ಸುರಿದವರು ಅವರೇ.

ಈಗ ಅವರು ಕೊಳವೆ ಬಿಸಾಡಿ ಓಡುತ್ತಾರೆ. ಹೂಜಿಯ ಬಾಯಿಗೆ ಅಂಗೈ ಒತ್ತಿ ಹಿಡಿಯುತ್ತಾರೆ.

“ಬಿಡು ಆಲ್ಮಾ, ಅಪ್ಪ ದೋಣಿ ಕಟ್ಟಿ ನಿಲ್ಲಿಸ್ತಿದ್ದ ಜಾಗದ ನೀರದು” ಎಂದ ಊರ್ಬನ್.

“ಚೆಲ್ಲು ಅಂತಿಲ್ಲ ಕಣೋ. ಕುದಿಸಿ ಹಾಕು. ಕುದಿಸಿದ್ರೂ ನಿಮ್ಮಪ್ಪನ ನೀರೇ ತಾನೆ?”

ಜನ ಮುಖ ಸಿಂಡರಿಸಿದರು. ಈಕೆಗೆ ಹುಚ್ಚು ಹಿಡಿದಿದೆಯೆಂದು ಸಂಘದ ಕಾರ್ಯದರ್ಶಿ ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಊರ್ಬನ್ ಮಾತ್ರ ಸಾಸೇಜಿನ ಪಾತ್ರೆ ಇಳಿಸಿ, ಬೇರೊಂದು ಪಾತ್ರೆಗೆ ಹೂಜಿಯನ್ನು ಬಗ್ಗಿಸಿ ಒಲೆಯ ಮೇಲಿಟ್ಟ. ನೀರು ಮರಳಿತು. ಆರಿಸಲು ಇಳಿಸಿದಾಗ ಅವನ ಹೆಂಡತಿ ಬಗ್ಗಿ ನೋಡಿದಳು. ಪಾಚಿಯ ಎಳೆಯ ಪಕ್ಕದಲ್ಲಿ ಕೆಂಪಗೆ ಮುದುರಿಕೊಂಡ ಮೂರು ಸಿಗಡಿಗಳು. ಆಲ್ಮಾ ಒಂದನ್ನು ಉಗುರಿನ ಮೇಲೆ ತೆಗೆದುಕೊಂಡು ಬಾಲ ನೋಡಿದರು. ಎರಡು ಗುಬುಟು.

ಊರ್ಬನ್ ಸಿಗಡಿಗಳನ್ನು ಸೋಸಿ, ಆರಿದ ನೀರನ್ನು ದೋಣಿಯ ಮೂತಿಗೆ ನಿಧಾನವಾಗಿ ಸುರಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಗ ಆಲ್ಮಾ ಜನರ ಕಡೆ ತಿರುಗಿ ಕೇಳಿದರು, “ಹೋದ ವರ್ಷದಿಂದೀಚೆಗೆ ರೈನ್ ಕಡೆಯಿಂದ ಹಳೆ ನೀರು ತಂದು ಸುರಿದೋರು ಯಾರ್ಯಾರಿದೀರಿ?”

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಇನ್ನೊಂದು. ಆಮೇಲೆ ಕಾರ್ಯದರ್ಶಿಯದು.

ಇನ್ನೇನು ಮಾಡುವುದೆಂದು ನಾನು ಕೇಳಿದೆ. ಆಲ್ಮಾ ಕೊಳವೆ ಸುತ್ತುತ್ತಿದ್ದರು. ನೋಟ ನೀರಿನ ಮೇಲೆಯೇ ಇತ್ತು. “ಏನೂ ಬಂದಿರದೆ ಇರ್ಲಿ. ಮುಂದಿನ ವರ್ಷ ಇವ್ರೆಲ್ಲ ಇಲ್ಲೇ ನಿಂತು, ಆ ಮುದುಕಿ ಸುಮ್ನೆ ಹೆದರಿಸಿದ್ಲು ಅಂತ ನನ್ನ ನೋಡಿ ನಗ್ಲಿ. ಅಷ್ಟಾದ್ರೆ ಸಾಕು ನಂಗೆ.”